ಉತ್ತರ ಹೇಳದ ಅಕ್ಕೋರು

ಹಲ್ಲಿನ ಡಾಕ್ಟರರ ಕೋಣೆಯಲ್ಲಿ ಲವಂಗದೆಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಮನಸ್ಸು ಸವಣೂರಿಗೆ ಓಡಿತು... ಸ್ವಾತಂತ್ರ್ಯ ಬರುವುದಕ್ಕೆ ಮೊದಲಿನ ಮಾತು. ಶಿಕ್ಷಕಿಯರಾಗಲು ಅಲ್ಲಿಯ ತರಬೇತಿ ಶಾಲೆಗೆ ಬಂದಿದ್ದ ನಮಗೆ ಶಿಕ್ಷಣ ತತ್ವ ಕಲಿಸುತ್ತಿದ್ದ ಅಕ್ಕೋರು ಸದಾ ದವಡೆಯಲ್ಲೊಂದು ಲವಂಗ ಇಟ್ಟುಕೊಂಡಿರುತ್ತಿದ್ದರು. ಮಾತಾಡಿ ಮಾತಾಡಿ ಅವರ ಗಂಟಲು ಕಟ್ಟಿತ್ತು.

ಒಂದೆಡೆ ನಿಂತವರಲ್ಲ. ಕಿಟಕಿಗೆ ಹೋಗುವರು, ಬಾಗಿಲಿಗೆ ಬರುವರು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುವರು. ಮೊದಲ ದಿನವೇ, "ಸಾಲಿ ಯಾಕ ಬೇಕು?" ಎಂದು ಕೇಳಿದರು. ಶಾಲೆಯ ಉದ್ದೇಶವೆಂದು ಪುಸ್ತಕದಲ್ಲಿದ್ದುದನ್ನು ಒಪ್ಪಿಸಿದೆವು.

"ಅದು ಪುಸ್ತಕ ಬರದವ್ರದು. ನಿಮ್ಮದು ಹೇಳ್ರಿ."

ನಮ್ಮದೆಂಬುದೇನೂ ಇರಲಿಲ್ಲ. ಮರುದಿನವೂ ಅದೇ ಪ್ರಶ್ನೆ. ಪರೀಕ್ಷೆ ಹತ್ತಿರ ಬಂದರೂ ಉತ್ತರ ಬರೆಸಲಿಲ್ಲ. ನಮಗೆ ಸಿಟ್ಟು, ಭಯ. ಊಟಕ್ಕೆ ಕುಳಿತರೂ ಅದೇ ಕೊರೆತ.

ಅಷ್ಟರಲ್ಲಿ ಅಪ್ಪ ಬಂದು, ಲಗ್ನ ಗೊತ್ತಾಗಿದೆ ಎಂದು ನನ್ನನ್ನು ನಮ್ಮೂರು ಹಂಸಭಾವಿಗೆ ಕರೆದೊಯ್ದ. ಬೀಸುವ ಕಲ್ಲಿನ ಮುಂದೆ ಕೂತರೆ ಕೂಡಲಾಗದು, ಎದ್ದರೆ ಯಾಕೆ ಎದ್ದೆನೋ ತಿಳಿಯದು...

ಒಂದು ಮಧ್ಯಾಹ್ನ ಅಕ್ಕೋರು ಧೂಳು ಮೆತ್ತಿದ ಕಾಲಲ್ಲಿ ನಮ್ಮ ಪಡಸಾಲೆಗೇ ಬಂದುಬಿಟ್ಟರು.

"ಬರ್ರಿ ಅಕ್ಕೋರ, ಕುಂದರ್ರಿ" ಎಂದ ಅಪ್ಪ.

ಅವರು ಕೂರಲಿಲ್ಲ. "ಹುಡುಗಿನ್ನ ಯಾಕ ಬಿಡಿಸಿದ್ರಿ?"

"ಹೆಣ್ಣ ಹುಡುಗಿಗೆ ಇನ್ನ ಯಾಕ ಬೇಕ್ರಿ ಸಾಲಿ? ನೀವ ಹೇಳ್ರಿ."

ಈಗಲಾದರೂ ಉತ್ತರ ಹೇಳಿಯಾರೆಂದು ಕಿವಿಗೊಟ್ಟೆ. ಅವರು ನನ್ನತ್ತ ತಿರುಗಿದರು. "ನೀನ ಹೇಳವಾ."

ನಾನು ಅಪ್ಪನ ಮುಂದೆ ಹೋಗಿ ನಿಂತೆ. "ಅಪ್ಪಾ, ನನ್ನ ಲಗ್ನದ್ದು ಓಣ್ಯಾಗಿನವ್ರನ್ನೆಲ್ಲಾ ಕೇಳಿದಿ, ನನ್ನ ಕೇಳಲಿಲ್ಲ. ಮೊದಲಾಗಿದ್ರ ನೀ ಕೇಳಿದ್ರೂ ನನಗ ಹೇಳಾಕ ಬರ್ತಿದ್ದಿಲ್ಲ. ಈಗ ಬರ್ತೈತಿ. ಅದಕ್ಕ ಬೇಕು ಸಾಲಿ."

ಅಪ್ಪ ಎದ್ದು ದನಗಳ ಕಡೆ ಹೋದ. ಅಕ್ಕೋರು ಹೊಗಳಲಿಲ್ಲ, ಅವ್ವ ಕೊಟ್ಟ ನೀರು ಕುಡಿದು ಹೊರಟರು. ಲಗ್ನದ ಮಾತು ಹಾಗೇ ನಿಂತಿತು. ಎಷ್ಟೋ ದಿನಗಳ ಮೇಲೆ ಒಂದು ಬೆಳಿಗ್ಗೆ ಅಪ್ಪ ಚಕ್ಕಡಿ ಹೂಡಿ, "ಹತ್ತು, ಸವಣೂರಿಗೆ ಬಿಟ್ಟ ಬರ್ತೇನಿ" ಎಂದ.

ಅಲ್ಲಿ ಮುಟ್ಟಿದಾಗ ಅಕ್ಕೋರು ಇರಲಿಲ್ಲ. ಹುಡುಗಿಯರ ತಲೆ ಕೆಡಿಸುತ್ತಾರೆಂದು ಯಾರೋ ದೂರು ಕೊಟ್ಟಿದ್ದರಂತೆ. ಎಲ್ಲೋ ದೂರಕ್ಕೆ ವರ್ಗ ಮಾಡಿದ್ದರು. ಹೊಸಬರು ವ್ಯಾಖ್ಯೆ ಬರೆಸಿದರು, ನಾವು ಪಾಸಾದೆವು. ಮುಂದೆ ಅಕ್ಕಿಆಲೂರಿನಲ್ಲಿ ಕಲಿಸುತ್ತಲೇ ನನಗೆ ವಯಸ್ಸಾಯಿತು. ಅವರ ಬಗ್ಗೆ ವಿಚಾರಿಸಿದರೆ ಒಬ್ಬೊಬ್ಬರು ಒಂದೊಂದು ಊರು ಹೇಳುತ್ತಿದ್ದರು... ಕೊನೆಗೆ ತೀರಿಕೊಂಡ ಸುದ್ದಿ ಮಾತ್ರ ಬಂತು.

ಮೊನ್ನೆ ಶಿಕ್ಷಕಿಯರಾಗಲಿರುವ ಹುಡುಗಿಯರ ಮುಂದೆ ಇದನ್ನೆಲ್ಲ ಹೇಳಿದೆ. ಒಬ್ಬಳು ಎದ್ದು, "ಅಕ್ಕೋರ, ಆ ಪ್ರಶ್ನಿಗೆ ಅವರ ಉತ್ತರ ಏನಿತ್ರಿ?" ಎಂದಳು. ಅಷ್ಟೂ ದಿನ ಅವರು ನಮ್ಮನ್ನು ಕೇಳಿದರು. ಅವರನ್ನು ನಾವ್ಯಾರೂ ಕೇಳಿರಲಿಲ್ಲ.