ಕಾಕಾ ಬಂದರೆ ಸುಮ್ಮನಾಗುತ್ತಿದ್ದ ಗೀಜರು

ನಮ್ಮ ಬಾಜು ಮನೆಯ ಡ್ರೈವರ್ ಕಾಕಾ ಅವರ ಬಲಗಿವಿಯ ಮುಂದೆ ದುಂಡನೆಯ ಒಂದು ಗುರುತಿತ್ತು. ಯಾವ ಯಂತ್ರ ಸಪ್ಪಳ ಮಾಡಿದರೂ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಹಚ್ಚಿ, ಹಿಡಿಕೆಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುವುದು ಅವರ ರೂಢಿ. ಒತ್ತಿ ಒತ್ತಿ ಆ ಗುರುತು ಅಲ್ಲೇ ಉಳಿದುಬಿಟ್ಟಿತ್ತು. ಎಡಗಿವಿ ಮಂದ. ಅವರು ಓಡಿಸಿದ ಹಳೇ ಬಸ್ಸುಗಳಲ್ಲಿ ಎಂಜಿನ್ನು ಡ್ರೈವರಿನ ಎಡಕ್ಕೇ ಕೂತಿರುತ್ತಿತ್ತಂತೆ. "ಎಡಗಿವಿ ಬಸ್ಸಿಗೆ ಕೊಟ್ಟೇನಿ, ಬಲಗಿವಿ ಊರಿಗಿ ಇಟ್ಟೇನಿ" ಎನ್ನುತ್ತಿದ್ದರು.

ಹಾಗಂತ ಅವರು ದೊಡ್ಡ ಮೆಕ್ಯಾನಿಕ್ಕೇನೂ ಅಲ್ಲ. ನಮ್ಮೂರು ಮೊರಬದಲ್ಲಿ ಅವರು ಕೈ ಹಾಕಿದ ಸಾಮಾನುಗಳಲ್ಲಿ ಕೆಲವು ಸರಿಹೋಗುತ್ತಿದ್ದವು, ಉಳಿದವು ಬೇರೆ ತರಹದ ಸಪ್ಪಳ ಶುರುಮಾಡುತ್ತಿದ್ದವು. "ನಮ್ಮನಿ ಫ್ಯಾನ್ ಇವರು ರಿಪೇರಿ ಮಾಡಿದಾಗಿಂದ ನಾ ಅದರ ಬುಡಕ ಮಲಗೂದು ಬಿಟ್ಟೇನ್ರಿ" ಎಂದು ಅವರ ಹೆಂಡತಿ, ನಮ್ಮ ಕಾಕು, ಅವರ ಎದುರಿಗೇ ಹೇಳುತ್ತಿದ್ದರು. ಕಾಕಾ ಅದನ್ನು ಎಡಗಿವಿಯಲ್ಲಿ ಕೇಳಿಸಿಕೊಳ್ಳುತ್ತಿದ್ದರು.

ನನ್ನ ತಂಗಿ ಬಾಣಂತನಕ್ಕೆ ಬಂದಾಗ ನಾವು ಬಚ್ಚಲಿಗೆ ಗ್ಯಾಸ್ ಗೀಜರು ಹಾಕಿಸಿದ್ದೆವು. ಬಾಣಂತಿಗೂ ಕೂಸಿಗೂ ದಿನಾ ಸುಡುಸುಡು ನೀರು ಬೇಕು. ಒಲೆ ಊದುವ ವಯಸ್ಸು ಅವ್ವನದಲ್ಲ. ಮೊದಮೊದಲು ಗೀಜರು ಒಳ್ಳೆಯ ಸೊಸೆಯ ಹಾಗೆ ನಡೆದುಕೊಂಡಿತು. ಆಮೇಲೆ ಚಳಿ ಬಿತ್ತು ನೋಡಿ, ಗುರುಗುಟ್ಟಲು ಶುರುಮಾಡಿತು. ಅವ್ವ ತಂಗಿಗೆ ನೀರು ಹಾಕತೊಡಗಿ ಸ್ವಲ್ಪ ಹೊತ್ತಿಗೆ ಒಳಗಿಂದ ಗುಂಯ್ ಎಂಬ ಶಬ್ದ ಏಳುತ್ತಿತ್ತು, ನಡುನಡುವೆ ಧಡ್ ಎನ್ನುತ್ತಿತ್ತು. ಪಡಸಾಲೆಯಲ್ಲಿ ಕೂತ ನಾನು ಚಹಾದ ಬಟ್ಟಲು ಕೆಳಗಿಟ್ಟು ಬಚ್ಚಲ ಕಡೆ ಕಿವಿಗೊಡುತ್ತಿದ್ದೆ.

ನವಲಗುಂದದಿಂದ ಬಂದ ಮೆಕ್ಯಾನಿಕ್ಕು ರೆಗ್ಯುಲೇಟರ್ ಬದಲಿಸಿ ಹೋದ. ನೀರಿನ ಟಾಕಿ ಇನ್ನೂ ಎತ್ತರ ಇರಬೇಕಿತ್ತು ಎಂದ ಒಬ್ಬರು. ಅವ್ವ ಕೂಸಿಗೆ ದೃಷ್ಟಿಯಾಗಿದೆ ಎಂದು ಗೀಜರಿಗೂ ಸೇರಿಸಿ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಕಾಕಾ ಬಂದು ಕಿವಿಗೊಟ್ಟು, "ನಮ್ಮ ಸವಳ ನೀರಿಗೆ ಒಳಗ ಸುಣ್ಣದ ಹಕ್ಕಳಿ ಕಟ್ಟೈತಿ" ಎಂದು ತೀರ್ಪು ಕೊಟ್ಟು, ಪೈಪು ಬಿಚ್ಚಿ ಲಿಂಬೆಹುಳಿಯ ನೀರು ಹಾಯಿಸಿದರು. ಬಿಳಿಯ ಚೂರುಗಳು ಉದುರಿದವು ನಿಜ. ಹಚ್ಚಿ ನೋಡಿದರೆ ಗೀಜರು ಪಿಟ್ಟೆನ್ನಲಿಲ್ಲ. ಕಾಕಾ ಮೀಸೆ ತಿರುವಿಕೊಂಡು ಮನೆಗೆ ಹೋದರು.

ಮರುದಿನ ಬೆಳಿಗ್ಗೆ ಮತ್ತೆ ಗುಂಯ್. ಕಾಕಾ ಓಡಿ ಬಂದರು. ಅವರು ಬಂದು ಹಚ್ಚಿದರೆ ನೀಲಿ ಉರಿ, ತಣ್ಣಗಿನ ಮೌನ. ಅವರು ಹೋದರೆ ಗುಂಯ್. ನನಗೆ ತಲೆಬುಡ ಅರ್ಥವಾಗಲಿಲ್ಲ. ಕೆಮ್ಮುವ ಮಗುವನ್ನು ಡಾಕ್ಟರ ಹತ್ತಿರ ಒಯ್ದರೆ ಅಲ್ಲಿ ಕೆಮ್ಮೇ ಬರುವುದಿಲ್ಲವಲ್ಲ, ಹಾಗಾಗಿತ್ತು. ನಾನು, "ಇರಲಿ ಬಿಡ್ರಿ ಕಾಕಾ, ಸಪ್ಪಳ ಅಷ್ಟ ಅಲ್ರಿ, ನೀರಂತೂ ಕಾಯ್ತಾವು" ಎಂದೆ.

"ಲೇ ತಮ್ಮಾ, ಸಪ್ಪಳ ನಿಂತ್ರ ರಿಪೇರಿ ಆದಂಗಲ್ಲ. ಯಾಕ ನಿಂತು ಅನ್ನೂದು ತಿಳಿಬೇಕು. ನಾ ಬಂದಾಗಷ್ಟ ಯಾಕ ಸುಮ್ಮನಿರತೈತಿ?" ಎಂದರು. ಆಮೇಲೆ ಅವ್ವನ ಕಡೆ ಬಲಗಿವಿ ತಿರುಗಿಸಿ, "ಅಕ್ಕಾರ, ಮೈಯಾಗ ಎಲ್ಲಾರೂ ಆರಾಮ ಅದೀರೇನ್ರಿ?" ಎಂದು ಕೇಳಿದರು.

"ನನಗ ಎರಿಯೂದರಾಗ ತಲಿ ಸಿಡಿತೈತ್ರಿ, ಬಿಸಿ ಹಬಿಗೆ. ಇಕಿಗೂ ಕಣ್ಣ ಕತ್ತಲಿ ಬರತಾವು, ಬಾಣಂತಿ ನಿಶ್ಶಕ್ತಿ. ಕೂಸ ಮಾತ್ರ ಬಂಗಾರ. ಎರದ ಹಾಕಿದ್ರ ಮಧ್ಯಾಹ್ನತನಾ ಏಳಂಗಿಲ್ಲ ನೋಡ್ರಿ" ಎಂದಳು ಅವ್ವ ಹೆಮ್ಮೆಯಿಂದ.

ಕಾಕಾ ಸ್ಕ್ರೂಡ್ರೈವರನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಎದ್ದರು.

ಮರುದಿನ ಬೆಳಿಗ್ಗೆ ನಾನು ಹಿತ್ತಲಿಗೆ ಹೋದಾಗ ಕಂಡ ನೋಟ ನನ್ನನ್ನು ಕಕ್ಕಾಬಿಕ್ಕಿ ಮಾಡಿತು. ನಮ್ಮ ಬಚ್ಚಲ ಗೋಡೆಯ ಹಿಂದೆ ಕಾಕಾ ಗೋಡೆಗೆ ಬೆನ್ನು ಮಾಡಿ, ಹೊಲದ ಕಡೆ ಮುಖ ಮಾಡಿ, ತಲೆ ಓರೆ ಮಾಡಿಕೊಂಡು ನಿಂತಿದ್ದಾರೆ. ಪಕ್ಕದಲ್ಲಿ ಸೆರಗು ಹೊದ್ದ ಕಾಕು. ಬಾಣಂತಿ ಎರೆದುಕೊಳ್ಳುವ ಹೊತ್ತಿನಲ್ಲಿ ಬಚ್ಚಲ ಹಿಂದೆ ಗಂಡಸು ನಿಲ್ಲುವುದೆಂದರೆ ಊರು ಏನೆಂದೀತು! ಅದಕ್ಕೇ ಹೆಂಡತಿಯನ್ನು ಸಾಕ್ಷಿಗೆ ಕರೆತಂದಿದ್ದರು. ಒಳಗೆ ಗೀಜರು ಗುಂಯ್ ಎನ್ನುತ್ತಿತ್ತು.

"ನೋಡ ನೀ, ಮ್ಯಾಲ ಏನೈತಿ" ಎಂದರು ಕಾಕಾ, ತಿರುಗದೆ. ಕಾಕು ತಲೆಯೆತ್ತಿ ನೋಡಿ, "ಕಿಡಕ್ಯಾಗ ಕೌದಿ ತುರುಕ್ಯಾರ್ರಿ" ಎಂದರು.

ಕಾಕಾ ಎದುರಿನ ಬೇಲಿಯ ಕೋಲು ಕಿತ್ತು ಹಿಂಗೈಯಲ್ಲೇ ಕಾಕು ಕೈಗೆ ಕೊಟ್ಟರು. ಕಾಕು ಒಂದು ತಿವಿತ ತಿವಿದರು. ಆ ದಪ್ಪ ಹೊದಿಕೆ ಒಳಗೆ ಬಿತ್ತು, ಅವ್ವ ಚೀರಿದಳು, ಗುಂಯ್ ಸಣ್ಣದಾಗುತ್ತಾ ನಿಂತೇಹೋಯಿತು. "ಬಾಗಲಾ ತಗೀರಿ, ಮೊದಲ ಕೂಸಿನ್ನ ಹೊರಗ ತರ್ರಿ" ಎಂದು ಕಾಕಾ ಕೂಗಿದ ದನಿ ಬಸ್ ಸ್ಟ್ಯಾಂಡಿಗೂ ಕೇಳಿಸಿರಬೇಕು.

ಆಗ ತಿಳಿಯಿತು. ಬಾಣಂತಿಗೆ ಗಾಳಿ ತಾಗಬಾರದೆಂದು ಅವ್ವ ದಿನಾ ಕಿಟಕಿಗೆ ಕೌದಿ ತುರುಕಿ, ಬಾಗಿಲ ಸಂದಿಗೆ ಗೋಣಿಚೀಲ ಒತ್ತುತ್ತಿದ್ದಳು. ಹೊರಗಿನ ಗಂಡಸು ಬಚ್ಚಲಿಗೆ ಬರುತ್ತಾನೆಂದರೆ ಮರ್ಯಾದೆಗೆಂದು ಸೀರೆ, ಕೌದಿ, ಚೀಲ ಎಲ್ಲವನ್ನೂ ಬಳಿದು ಎತ್ತಿಟ್ಟುಬಿಡುತ್ತಿದ್ದಳು. ಬಚ್ಚಲು ಚೊಕ್ಕ ಮಾಡಿದ್ದನ್ನು ಯಾರಾದರೂ ಮೆಕ್ಯಾನಿಕ್ಕಿಗೆ ಹೇಳುತ್ತಾರೆಯೇ? ಗಾಳಿಯಿಲ್ಲದೆ ಉರಿ ಉಬ್ಬಸಪಡುತ್ತಿತ್ತು. ಅದು ಬಿಟ್ಟ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ಬಂಗಾರದ ಕೂಸು ಮಲಗುತ್ತಿದ್ದ ನಿದ್ದೆ ಎಂಥದ್ದೆಂದು ನೆನೆದಾಗೆಲ್ಲ ನಾನು ಇವತ್ತಿಗೂ ಎದ್ದು ಬಚ್ಚಲ ಕಿಟಕಿ ತೆರೆದಿದೆಯೇ ನೋಡಿ ಬರುತ್ತೇನೆ. ಅವತ್ತೇ ಮೂವರನ್ನೂ ದವಾಖಾನೆಗೆ ಒಯ್ದೆವು. ಸಮಯಕ್ಕೆ ಬಂದಿರಿ ಎಂದರು ಡಾಕ್ಟರು.

ಅವ್ವ ಇದನ್ನು ಒಪ್ಪಲಿಲ್ಲ. "ನಾಲ್ಕ ಬಾಣಂತನ ಮಾಡೇನಿ, ಕಿಡಕಿ ತಗದ ಎರದಾಕಿ ಅಲ್ಲ ನಾ. ಅಣ್ಣಾರ ನನ್ನ ಮಗಳಿಗೆ ಗಾಳಿ ಹೊಡಸಿದ್ರು" ಎಂದು ಕಾಕಾರೊಡನೆ ಮಾತು ಬಿಟ್ಟಳು. ಕಾಕಾ ಬೇಜಾರು ಮಾಡಿಕೊಳ್ಳದೆ ಗೀಜರನ್ನು ಕಿತ್ತು ಹಿತ್ತಲ ಜಗಲಿಯ ಗೋಡೆಗೆ ಹಾಕಿ, ಬಚ್ಚಲಿಗೆ ಪೈಪನ್ನಷ್ಟೇ ಬಿಟ್ಟುಕೊಟ್ಟರು. "ಈಗ ಕೌದಿ ಏನ, ಗಾದಿ ತುರುಕ್ರಿ ಅಕ್ಕಾರ" ಎಂದು ಗೋಡೆಗೆ ಹೇಳಿದರು. ಆಮೇಲೂ ಅದು ಆಗಾಗ ಸಣ್ಣಗೆ ಟಕ್ ಟಕ್ ಎನ್ನುತ್ತಿತ್ತು. ಅದು ಯಾಕೆಂದು ಕಾಕಾರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಬಂದಾಗೆಲ್ಲ ಕಿವಿಯಿಟ್ಟು ತಲೆಯಾಡಿಸುತ್ತಿದ್ದರು.

ಹೋದ ವರ್ಷ ಕಾಕಾ ತೀರಿಕೊಂಡರು. ಬೆಳಿಗ್ಗೆ ಚಹಾ ಕುಡಿದು ಕಟ್ಟೆಯ ಮೇಲೆ ಕೂತವರು ಏಳಲಿಲ್ಲ. ಅವರ ಮನೆಯಲ್ಲಿ ಜನ ತುಂಬಿ, ಕೊನೆಯ ಸ್ನಾನಕ್ಕೆ ನೀರು ಕಾಯಿಸುವವರು ಯಾರೆಂದು ಎಲ್ಲರೂ ತಡವರಿಸುತ್ತಿದ್ದಾಗ ಅವ್ವ ಯಾರನ್ನೂ ಕೇಳದೆ ಎದ್ದಳು. ಹಿತ್ತಲಿಗೆ ಹೋಗಿ ಗೀಜರು ಹಚ್ಚಿದಳು. ಕೊಡ ತುಂಬುವವರೆಗೆ ಅದರ ಹತ್ತಿರ ತಲೆ ಓರೆ ಮಾಡಿ, ಬಲಗಿವಿ ಕೊಟ್ಟು ನಿಂತಿದ್ದಳು. ಟಕ್ ಟಕ್ ಎನ್ನುತ್ತಿತ್ತು.

"ಅಣ್ಣಾರಿಗೆ ಇದೊಂದ ತಿಳೀಲಿಲ್ಲ" ಎಂದಳು. ಕೊಡವನ್ನು ನನ್ನ ಕೈಗೂ ಕೊಡದೆ, ತಾನೇ ಸೊಂಟದ ಮೇಲಿಟ್ಟುಕೊಂಡು ಅವರ ಮನೆಗೆ ನಡೆದಳು.