ಡಾಂಬರಿನ ಮೇಲಿನ ಹುರುಳಿ

ನನ್ನ ತಂಗಿ ರ‍್ಯಾಲಿ ಕಾರಿನಲ್ಲಿ ಚಾಲಕನ ಪಕ್ಕ ಕೂತು ದಾರಿ ಓದುವವಳು. ಮುಂದಿನ ತಿರುವು ಎಡಕ್ಕೋ ಬಲಕ್ಕೋ, ಎಷ್ಟು ಕಡಿದಾಗಿದೆ ಎಂಬುದನ್ನು ಅದು ಕಣ್ಣಿಗೆ ಬೀಳುವ ಮೊದಲೇ ಹೇಳುವುದು ಅವಳ ಕೆಲಸ. ಮನೆಯಲ್ಲಿ ತಲೆಮಾರುಗಳಿಂದ ಮಂತ್ರ ಹೇಳುತ್ತ ಬಂದವರ ಉಸಿರೇ ಅವಳಿಗೆ ಬಂದಿದೆ ಎಂದು ಅಪ್ಪ ಹೇಳುತ್ತಿದ್ದರು. ಅಂಥದ್ದನ್ನು ನಾನು ನಂಬುವುದಿಲ್ಲ. ಆದರೆ ಕಾರು ಎತ್ತಿ ಕುಕ್ಕುವಾಗಲೂ ಅವಳ ದನಿ ನಡುಗದಿರುವುದನ್ನು ರೆಕಾರ್ಡಿಂಗ್‌ನಲ್ಲಿ ಕೇಳಿದ್ದೇನೆ.

ಅಂತಾರಾಷ್ಟ್ರೀಯ ಸರಣಿಯ ಡಾಂಬರು ರಸ್ತೆಯ ಸುತ್ತೊಂದು ನಮ್ಮ ಕಡೆ ಬಂದಾಗ, ಕೊನೆಯ ಓಟ ಸವದತ್ತಿಗೂ ಮುರಗೋಡಕ್ಕೂ ನಡುವೆ ಇತ್ತು. ಬಸ್ಸು, ಟ್ರ್ಯಾಕ್ಟರ್ ಎಲ್ಲ ತಡೆದು ಕಾರುಗಳನ್ನು ಒಂದೊಂದಾಗಿ ಬಿಡುತ್ತಾರೆ; ಕಡಿಮೆ ಸಮಯ ತೆಗೆದುಕೊಂಡವರು ಮೇಲೆ. ಅಲ್ಲಿಯವರೆಗೆ ತಂಗಿಯ ಕಾರು ನಾಲ್ಕನೆಯದಾಗಿತ್ತು, ಮೂರನೆಯವರಿಗಿಂತ ತುಸುವೇ ಹಿಂದೆ. ಬಹುಮಾನದ ವೇದಿಕೆ ಹತ್ತುವುದು ಮೂವರೇ, ಅವಳು ಅದನ್ನು ಒಮ್ಮೆಯೂ ಹತ್ತಿರಲಿಲ್ಲ. ಈ ಓಟ ರದ್ದಾದರೆ ನಾಲ್ಕನೆಯ ಸ್ಥಾನವೇ ಗಟ್ಟಿ.

ನಾನು ಒಂದು ತಿರುವಿನಲ್ಲಿ ನಿಂತಿದ್ದೆ. ರಸ್ತೆ ಪರೀಕ್ಷಿಸುವ ಗಾಡಿ ಆಗಲೇ ದಾಟಿ ಹೋಗಿತ್ತು. ಆಗ ಪಕ್ಕದ ಹೊಲದಿಂದ ಒಬ್ಬ ಮುದುಕಿಯೂ ಅವಳ ಸೊಸೆಯಂದಿರೂ ಹುರುಳಿ ಬಳ್ಳಿ ತಂದು ರಸ್ತೆಯ ತುಂಬ ಹಾಸತೊಡಗಿದರು. ನಮ್ಮಲ್ಲಿ ಹೀಗೆ ರಾಶಿ ಮಾಡುವುದು ಮಾಮೂಲು, ಗಾಲಿಗಳು ಹಾಯ್ದು ಕಾಳು ಬಿಡಿಸಿಕೊಡುತ್ತವೆ. ಆದರೆ ಆ ವೇಗದ ಕಾರು ಕಾಳಿನ ಮೇಲೆ ಜಾರಿದರೆ ನಿಲ್ಲುವುದು ಹೊಲದಲ್ಲೇ.

"ಯವ್ವಾ, ಇವತ್ತ ಬ್ಯಾಡ್ರಿ, ರೇಸ್ ಅದ!"

"ಅದಕ್ಕ ಹಾಕೇವಿ," ಎಂದಳು ಮುದುಕಿ. "ದಿನಾ ಬಸ್ಸಿನಾಂವ ತಪ್ಪಿಸಿ ಹೊಡಿತಾನ. ಇವರು ಜೋರ ಬರ್ತಾರಂತ, ಲಗೂನ ರಾಶಿ ಅಕ್ಕೈತಿ."

"ಗಾಡಿ ಜಾರತಾವ್ರಿ. ಒಂದರಾಗ ನನ್ನ ತಂಗಿ ಇದ್ದಾಳ."

"ಆಕೀನ ಹೊಡಿತಾಳೇನು?"

"ಇಲ್ರಿ, ಬಾಜೂಕ ಕುಂತು ದಾರಿ ಹೇಳತಾಳ."

"ಅಯ್ಯ, ಅದನ್ನ ನಾ ಲಗ್ನ ಆದಾಗಿಂದ ನಮ್ಮ ಮುದುಕಗ ಹೇಳಾಕ ಹತ್ತೇನಿ. ಒಂದಿನಾ ಕೇಳಿಲ್ಲ!"

ಸೊಸೆಯಂದಿರು ನಕ್ಕರು. ಕಾವಲಿಗಿದ್ದ ಸ್ವಯಂಸೇವಕ ನಗಲಿಲ್ಲ. ಓಟ ರದ್ದು ಮಾಡಿಸಲು ವಾಕಿಟಾಕಿಯನ್ನು ಬಾಯಿಯ ಹತ್ತಿರ ತಂದ. ಮುದುಕಿ ಅವನನ್ನೂ ನನ್ನನ್ನೂ ನೋಡಿದಳು.

"ತಗೀತೇವಿ ತಡಿಯಪಾ. ಖರೇ, ನಾಳಿ ನಿನ್ನ ತಂಗಿ ಗಾಡಿ ಬಂದು ನಮ್ಮ ರಾಶಿ ಮಾಡಿಕೊಡಬೇಕ ನೋಡ. ಆ ಗದ್ದಲದ ಗಾಡೀನ ಬೇಕ."

ಒಪ್ಪಿದೆ. ಅಥವಾ ಆ ಮಾತನ್ನು ನಾನೇ ಮೊದಲು ಆಡಿದೆನೋ. ಎರಡೂ ರೀತಿಯಲ್ಲಿ ಹೇಳಿದ್ದೇನೆ, ಎರಡೂ ಈಗ ನಿಜವೆನಿಸುತ್ತವೆ. ಸೊಸೆಯಂದಿರು ಹಾಸಿಗೆ ಸುತ್ತಿದಂತೆ ಬಳ್ಳಿ ಸುತ್ತಿ ಎತ್ತಿದ್ದು, ಮುದುಕಿ ಬಗ್ಗಿದ ಬೆನ್ನು ಎತ್ತದೆ ತಿರುವಿನುದ್ದಕ್ಕೂ ಗುಡಿಸಿದ್ದು, ಇದರಲ್ಲಿ ಮಾತ್ರ ಅನುಮಾನವಿಲ್ಲ. ಅಷ್ಟು ಚೊಕ್ಕಟವಾದ ಡಾಂಬರನ್ನು ನಮ್ಮ ತಾಲೂಕಿನಲ್ಲಿ ನಾನು ಮತ್ತೆ ಕಂಡಿಲ್ಲ. ಸ್ವಯಂಸೇವಕ ರಸ್ತೆಯನ್ನು ಕಾಲಿನಿಂದ ಉಜ್ಜಿ ನೋಡಿ ವಾಕಿಟಾಕಿ ಕೆಳಗಿಳಿಸಿದ.

ಮೊದಲು ಬಂದ ಪರದೇಶದ ಕಾರುಗಳು ತಿರುವಿನ ಒಳಬದಿಯನ್ನು ಕತ್ತರಿಸಿ ಎರೆಮಣ್ಣನ್ನು ರಸ್ತೆಗೆ ಎಳೆದವು. ತಂಗಿಯ ಕಾರು ಹಾಗೆ ಮಾಡಲಿಲ್ಲ. ಹೊರಗಿನಿಂದಲೇ, ಮಣ್ಣು ಮುಟ್ಟದೆ, ಒಂದೇ ಗೆರೆ ಎಳೆದಂತೆ ತಿರುಗಿ ಹೋಯಿತು. "ಒಳಗ ಬ್ಯಾಡ" ಎಂಬ ಅವಳ ದನಿ ನನಗೆ ಕೇಳಿಸಿತು. ಕೇಳಿಸಲು ಸಾಧ್ಯವೇ ಇಲ್ಲ: ಹೆಲ್ಮೆಟ್, ಮುಚ್ಚಿದ ಗಾಜು, ಎಂಜಿನ್ನಿನ ಅಬ್ಬರ. ಮೇಲಾಗಿ ಕಾರಿನಲ್ಲಿ ಅವಳು ಮಾತಾಡುವುದು ಇಂಗ್ಲಿಷಿನಲ್ಲಿ. ಆದರೂ ನನ್ನ ಕಿವಿಯಲ್ಲಿ ಅದು ಕನ್ನಡದಲ್ಲೇ ಉಳಿದಿದೆ.

ಅವರು ಮೂರನೆಯವರಾದರು.

ಮರುದಿನ ತಂಗಿ ಅದೇ ಕಾರಿನಲ್ಲಿ ಬಂದಳು. ರಸ್ತೆಯಲ್ಲಿ ಹುರುಳಿ ಸಿದ್ಧವಾಗಿತ್ತು. ಎತ್ತಿನ ನಡಿಗೆಯಲ್ಲಿ ಕಾರು ಹಿಂದೆ ಮುಂದೆ ಓಡಾಡಿತು. ಮುದುಕಿ ಕಿಟಕಿಯ ಪಕ್ಕ ನಡೆಯುತ್ತ ಗದರುತ್ತಿದ್ದಳು: "ಎಡಕ್ಕ ಬಾರಪಾ! ಆ ದಂಡೀದು ಹಂಗ ಉಳಿತು!" ಕೊಡಗಿನ ಚಾಲಕನಿಗೆ ನಮ್ಮ ಕಡೆಯ ಕನ್ನಡ ಅರ್ಥವಾಗಲಿಲ್ಲ. ತಂಗಿ ನಗದೆ, ಓಟದ ಅದೇ ಸ್ಥಿರ ದನಿಯಲ್ಲಿ, ಮುದುಕಿ ಹೇಳಿದ್ದನ್ನೆಲ್ಲ ಅವನಿಗೆ ದಾಟಿಸುತ್ತಿದ್ದಳು.