ಲೇಹ್ಯದ ಅಳತೆ ಮತ್ತು ಮಾವನ ದೋಣಿ

ಮಾರಾಯ್ರೇ, ಇವತ್ತು ಮೂಡುಬಿದಿರೆಯ ಪಂಡಿತರ ಮದ್ದಿನಂಗಡಿಯಲ್ಲಿ ನಮ್ಮ ಸಂಕಪ್ಪ ಮಾವನಿಗೆ ಆದದ್ದು ಕೇಳಿ. ಅತ್ತೆ ತೀರಿಕೊಂಡ ಮೇಲೆ ಮಾವ ಪುತ್ತಿಗೆಯಲ್ಲಿ ಎರಡನೇ ಸಂಬಂಧ ನೋಡಿದ್ದಾರೆ. ಅದಕ್ಕೇ ಪ್ರಾಯ ಇಳಿಸುವ ಲೇಹ್ಯ ಬೇಕಾಗಿತ್ತು.

ಪಂಡಿತರು ಎಲ್ಲರಿಗೂ ಒಂದೇ ಅಳತೆ ಕೊಡುವವರಲ್ಲ. "ಐವತ್ತರ ಒಳಗಿನವರಿಗೆ ನೆಲ್ಲಿಕಾಯಿಯಷ್ಟು. ಅರವತ್ತು ದಾಟಿದರೆ ಅದರ ಅರ್ಧ, ಹೆಚ್ಚಾದರೆ ಜೀರ್ಣ ಆಗುವುದಿಲ್ಲ. ನಿಮಗೆ ಪ್ರಾಯ ಎಷ್ಟು?"

"ನಲ್ವತ್ತೆಂಟು" ಎಂದರು ಮಾವ. ಹೆಣ್ಣಿನ ಕಡೆಯವರಿಗೂ ಅಷ್ಟೇ ಹೇಳಿದ್ದಾರೆ. ಬೆಂಚಿನಲ್ಲಿ ಪುತ್ತಿಗೆಯವರು ಇಬ್ಬರು ಕೂತಿದ್ದರು.

"ಮೈಯಲ್ಲಿ ಬಲ ಹೇಗೆ ಉಂಟು?"

"ಬಲವಾ? ಬಂಟ್ವಾಳ ಪೇಟೆ ಮುಳುಗಿದ ಆ ದೊಡ್ಡ ನೆರೆಯಲ್ಲಿ ಒಬ್ಬನೇ ದೋಣಿ ನಡೆಸಿ ಒಂದು ಸಂಸಾರವನ್ನೇ ದಡ ಸೇರಿಸಿದವ ನಾನು!"

ಲೇಹ್ಯ ತೆಗೆಯುತ್ತಿದ್ದ ಪಂಡಿತರ ಕೈ ನಿಂತಿತು. "ಆ ನೆರೆ ಬಂದು ಮೂವತ್ತೇಳು ವರ್ಷ ಆಯಿತು. ಆಗ ನಿಮಗೆ ಹನ್ನೊಂದು. ದೋಣಿ ನಡೆಸಿದ್ದು ನಿಮ್ಮ ಅಪ್ಪನಾ?"

ಬೆಂಚಿನಲ್ಲಿದ್ದವರು ಕಿಸಕ್ಕೆಂದರು. ಮಾವ ಹೌದು ಅಂದಿದ್ದರೆ ಸಾಕಿತ್ತು. ಲೇಹ್ಯವೂ ನೆಲ್ಲಿಕಾಯಿಯಷ್ಟು ಸಿಗುತ್ತಿತ್ತು, ಸಂಬಂಧವೂ ಉಳಿಯುತ್ತಿತ್ತು.

"ಅಪ್ಪನಿಗೆ ದೋಣಿ ಹತ್ತಲಿಕ್ಕೇ ಹೆದರಿಕೆ!" ಮಾವ ಗುಡುಗಿದರು. "ನಡೆಸಿದ್ದು ನಾನೇ. ಆಗ ನನಗೆ ಇಪ್ಪತ್ತೈದು!"

ಪಂಡಿತರು ಚಮಚದಲ್ಲಿದ್ದ ಲೇಹ್ಯದಲ್ಲಿ ಅರ್ಧವನ್ನು ಭರಣಿಗೆ ವಾಪಸು ಹಾಕಿದರು. ಪುತ್ತಿಗೆಯವರು ತಮ್ಮ ಮದ್ದಿಗೂ ಕಾಯದೆ ಎದ್ದು ಹೋದರು.

ನಮ್ಮೂರು ಮಡಂತ್ಯಾರಿಗೆ ವಾಪಸು ಬರುವ ಬಸ್ಸಿನಲ್ಲಿ ಮಾವ ಪಕ್ಕದವರಿಗೆ ಅದೇ ಕಥೆ ಹೇಳುತ್ತಿದ್ದರು. ಅಷ್ಟರಲ್ಲಿ ದಡ ಸೇರಿದ ಸಂಸಾರ ಎರಡಾಗಿತ್ತು.